ಭಾರತದ ಶಾಸನಸಭೆಗಳಲ್ಲಿ ಮಾಹಿತಿ ತಂತ್ರಜ್ಞಾನ

ಶಾಸನಸಭೆಗಳಲ್ಲಿ ಮಾಹಿತಿ ತಂತ್ರಜ್ಞಾನದ ಅಳವಡಿಕೆ ಎಂದರೆ ಪ್ರಶ್ನೆಗಳ ಸೂಚನೆ, ಕಾರ್ಯಕಲಾಪಗಳ ಪಟ್ಟಿ, ಮಸೂದೆ, ಸಮಿತಿಗಳ ವರದಿ, ಮತದಾನ ಮತ್ತು ನಡವಳಿಗಳ ದಾಖಲೆಯನ್ನು ಗಣಕಯಂತ್ರ ಹಾಗೂ ಅಂತರಜಾಲದ ನೆರವಿನಿಂದ ನಿರ್ವಹಿಸುವ ವ್ಯವಸ್ಥೆ. ಇದರ ಯಶಸ್ಸು ಉಪಕರಣಗಳನ್ನು ಮಾತ್ರವಲ್ಲದೆ ಹಣಕಾಸು, ಭಾಷೆ, ಸಭಾನಿಯಮ ಮತ್ತು ಸದಸ್ಯರ ಸಿದ್ಧತೆಯನ್ನೂ ಅವಲಂಬಿಸಿದೆ.

ಹಿನ್ನೆಲೆ

2014ರ ಆಗಸ್ಟ್‌ನಲ್ಲಿ ಹಿಮಾಚಲ ಪ್ರದೇಶದ ವಿಧಾನಸಭೆಯು ದೇಶದ ಮೊದಲ ಕಾಗದರಹಿತ ಶಾಸನಸಭೆಯಾಯಿತು. ಅನಂತರ ಕೇಂದ್ರದ ಸಂಸದೀಯ ವ್ಯವಹಾರಗಳ ಸಚಿವಾಲಯವು ಎಲ್ಲ ಶಾಸನಸಭೆಗಳನ್ನು ಒಂದೇ ವೇದಿಕೆಗೆ ತರುವ ಉದ್ದೇಶದಿಂದ ‘ರಾಷ್ಟ್ರೀಯ ಇ-ವಿಧಾನ್ ಅಪ್ಲಿಕೇಶನ್’ (ನೇವಾ) ಯೋಜನೆಯನ್ನು ಕೈಗೊಂಡಿತು. 2022ರ ಮಾರ್ಚ್‌ನಲ್ಲಿ ನಾಗಾಲ್ಯಾಂಡ್ ವಿಧಾನಸಭೆಯು ಇದನ್ನು ಪೂರ್ಣವಾಗಿ ಅಳವಡಿಸಿಕೊಂಡ ಮೊದಲ ರಾಜ್ಯ ಶಾಸನಸಭೆಯಾಯಿತು. ಅದರ 60 ಸದಸ್ಯರ ಮೇಜುಗಳಿಗೂ ಟ್ಯಾಬ್ಲೆಟ್‌ಗಳನ್ನು ಜೋಡಿಸಲಾಯಿತು. ಕೇರಳವು ‘ಇ-ನಿಯಮಸಭಾ’ ಎಂಬ ತನ್ನದೇ ವ್ಯವಸ್ಥೆಯನ್ನು ರೂಪಿಸಿಕೊಂಡಿದೆ.

ಪ್ರಭಾವ ಬೀರುವ ಅಂಶಗಳು

ಹಣಕಾಸು: ನೇವಾ ಯೋಜನೆಯ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳು 60:40 ಅನುಪಾತದಲ್ಲಿ ಹಂಚಿಕೊಳ್ಳುತ್ತವೆ. ಈಶಾನ್ಯ ಹಾಗೂ ಗುಡ್ಡಗಾಡು ರಾಜ್ಯಗಳಿಗೆ ಈ ಅನುಪಾತ 90:10 ಆಗಿದೆ. ಕೇಂದ್ರದ ನೆರವು ಹೆಚ್ಚಿದಷ್ಟೂ ಸಣ್ಣ ರಾಜ್ಯಗಳಿಗೆ ಅಳವಡಿಕೆ ಸುಲಭವಾಗುತ್ತದೆ.

ಭಾಷೆ: ಸಂವಿಧಾನದ 210ನೇ ವಿಧಿಯಂತೆ ರಾಜ್ಯದ ಶಾಸಕಾಂಗವು ರಾಜ್ಯದ ಅಧಿಕೃತ ಭಾಷೆಯಲ್ಲಿ ಅಥವಾ ಹಿಂದಿ ಇಲ್ಲವೆ ಇಂಗ್ಲಿಷಿನಲ್ಲಿ ವ್ಯವಹರಿಸುತ್ತದೆ. ಆದ್ದರಿಂದ ಕನ್ನಡದಂತಹ ಭಾಷೆಗಳಲ್ಲಿ ಬರೆಯಲು, ಹುಡುಕಲು ಮತ್ತು ಸಂಗ್ರಹಿಸಲು ಅನುಕೂಲವಿಲ್ಲದ ತಂತ್ರಾಂಶವು ಸದಸ್ಯರಿಗೆ ನೆರವಾಗದೆ ಹೊರೆಯಾಗುತ್ತದೆ.

ಸಭಾನಿಯಮಗಳು: 208ನೇ ವಿಧಿಯಂತೆ ಪ್ರತಿ ಸದನವೂ ತನ್ನ ಕಾರ್ಯವಿಧಾನದ ನಿಯಮಗಳನ್ನು ತಾನೇ ರೂಪಿಸುತ್ತದೆ. ಕರ್ನಾಟಕದಂತೆ ವಿಧಾನಸಭೆ ಮತ್ತು ವಿಧಾನ ಪರಿಷತ್ತು ಎರಡೂ ಇರುವ ರಾಜ್ಯದಲ್ಲಿ ಎರಡು ಸದನಗಳ ಒಪ್ಪಿಗೆಯೂ ಅಗತ್ಯ. 189ನೇ ವಿಧಿಯು ‘ಹಾಜರಿದ್ದು ಮತ ಚಲಾಯಿಸುವ’ ಸದಸ್ಯರ ಬಹುಮತವನ್ನು ಕೇಳುತ್ತದೆ. ದೂರದಲ್ಲಿರುವ ಸದಸ್ಯರನ್ನು ಹಾಜರಿರುವವರೆಂದು ಎಣಿಸಬಹುದೇ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ದೂರದಿಂದ ಮತ ಚಲಾಯಿಸಲು ತಾತ್ಕಾಲಿಕ ಅವಕಾಶ ನೀಡಿತು. ಭಾರತದ ಸಂಸತ್ತು ಅದೇ ವರ್ಷದ ಸೆಪ್ಟೆಂಬರ್ ಅಧಿವೇಶನದಲ್ಲಿ ಸದಸ್ಯರನ್ನು ಎರಡೂ ಸಭಾಂಗಣಗಳಲ್ಲಿ ಅಂತರವಿಟ್ಟು ಕೂರಿಸಿ ಕಲಾಪ ನಡೆಸಿತು.

ಭದ್ರತೆ: ಸದನದ ಜಾಲತಾಣದ ಲಾಗಿನ್ ವಿವರಗಳನ್ನು ಹೊರಗಿನವರೊಂದಿಗೆ ಹಂಚಿಕೊಂಡರೆಂಬುದು, ಇತರ ಆರೋಪಗಳೊಂದಿಗೆ, 2023ರ ಡಿಸೆಂಬರ್‌ನಲ್ಲಿ ಲೋಕಸಭಾ ಸದಸ್ಯರೊಬ್ಬರ ಉಚ್ಚಾಟನೆಗೆ ಕಾರಣವಾಯಿತು. ಪ್ರಶ್ನೆ ಕೇಳುವ ಹಕ್ಕು ಸದಸ್ಯರದ್ದು. ಅದನ್ನು ಬೇರೆಯವರು ಬಳಸದಂತೆ ಕಾಯುವುದು ವ್ಯವಸ್ಥೆಯ ಹೊಣೆ.

ಸದಸ್ಯರ ತರಬೇತಿ: ವಯಸ್ಸು, ಶಿಕ್ಷಣ ಮತ್ತು ಕ್ಷೇತ್ರದ ಅಂತರಜಾಲ ಸಂಪರ್ಕಗಳಲ್ಲಿ ಸದಸ್ಯರ ನಡುವೆ ವ್ಯತ್ಯಾಸಗಳಿರುತ್ತವೆ. ತರಬೇತಿಯಿಲ್ಲದೆ ಕಾಗದವನ್ನು ಕೈಬಿಟ್ಟರೆ ಕೆಲವು ಸದಸ್ಯರು ಚರ್ಚೆಯಲ್ಲಿ ಹಿಂದುಳಿಯುವ ಸಂಭವವಿದೆ.

ಮಹತ್ವ

ಕಾಗದದ ಉಳಿತಾಯವು ಇದರ ಒಂದು ಪ್ರಯೋಜನ ಮಾತ್ರ. ಮಸೂದೆ ಮಂಡನೆಯಾದ ದಿನವೇ ಅದು ಸಾರ್ವಜನಿಕರಿಗೂ ತಮ್ಮ ಭಾಷೆಯಲ್ಲಿ ದೊರೆತಲ್ಲಿ, ಶಾಸನವಾಗುವ ಮುನ್ನವೇ ಅದನ್ನು ಓದಿ ತಮ್ಮ ಪ್ರತಿನಿಧಿಗೆ ಅಭಿಪ್ರಾಯ ತಿಳಿಸಲು ಅವರಿಗೆ ಸಾಧ್ಯವಾಗುತ್ತದೆ.