ಚಿಟಿಕೆಗೂ ಒಂದು ಲೆಕ್ಕ

ಅಡುಗೆಯ ಅಳತೆಯು ಬಹುಕಾಲ ಕೈಯ ಅಭ್ಯಾಸವನ್ನೇ ಅವಲಂಬಿಸಿತ್ತು. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪಾಕಪುಸ್ತಕಗಳಲ್ಲಿ ‘ಮೊಟ್ಟೆಯ ಗಾತ್ರದ ಬೆಣ್ಣೆ’, ‘ಒಂದು ಟೀ ಬಟ್ಟಲು ಹಿಟ್ಟು’ ಎಂಬಂತಹ ಸೂಚನೆಗಳು ಸಾಮಾನ್ಯವಾಗಿದ್ದವು. ನುರಿತ ಗೃಹಿಣಿಗೆ ಅಷ್ಟೇ ಸಾಕಿತ್ತು. ತಾಯಿಯ ಪಕ್ಕದಲ್ಲಿ ನಿಂತು ಕಲಿಯುವ ಅವಕಾಶ ದೊರೆಯದವಳಿಗೆ ಮಾತ್ರ ಅದು ಒಗಟಾಗಿತ್ತು.

ಈ ಒಗಟನ್ನು ಬಿಡಿಸಲು ಶ್ರಮಿಸಿದವರಲ್ಲಿ ಫ್ಯಾನಿ ಫಾರ್ಮರ್ (1857–1915) ಪ್ರಮುಖರು. ಹದಿಹರೆಯದಲ್ಲಿಯೇ ಪಾರ್ಶ್ವವಾಯುವಿನಂತಹ ಕಾಯಿಲೆಗೆ ತುತ್ತಾಗಿ ಓದು ನಿಲ್ಲಿಸಬೇಕಾಗಿ ಬಂದ ಅವರು, ಮುಂದೆ ಬಾಸ್ಟನ್ ನಗರದ ಅಡುಗೆ ಶಾಲೆಯಲ್ಲಿ ಕಲಿತು ಅದರ ಮುಖ್ಯಸ್ಥೆಯಾದರು. 1896ರಲ್ಲಿ ಪ್ರಕಟವಾದ ಅವರ ಗ್ರಂಥವು ಒಂದು ಸರಳ ನಿಯಮವನ್ನು ಮನೆಮನೆಗೆ ಮುಟ್ಟಿಸಿತು. ಬಟ್ಟಲಾಗಲಿ ಚಮಚವಾಗಲಿ, ತುಂಬಿದ ಮೇಲೆ ಚಾಕುವಿನಿಂದ ಅಂಚಿಗೆ ಸಮನಾಗಿ ಸವರಬೇಕು. ಅರ್ಧ ಚಮಚ ಬೇಕಾದರೆ ಹಾಗೆ ಸವರಿದ ಪುಡಿಯನ್ನು ಚಮಚದಲ್ಲಿಯೇ ಉದ್ದಕ್ಕೆ ಎರಡಾಗಿ ಭಾಗಿಸಬೇಕು. ಆ ಅರ್ಧವನ್ನು ಅಡ್ಡಕ್ಕೆ ಭಾಗಿಸಿದರೆ ಕಾಲು, ಕಾಲನ್ನು ಭಾಗಿಸಿದರೆ ಎಂಟನೆಯ ಒಂದು ಪಾಲು. ಅದಕ್ಕಿಂತಲೂ ಕಡಿಮೆಯಾದುದನ್ನು ಅವರು ‘ಕೆಲವು ಹರಳು’ ಎಂದು ಕರೆದರು. ರೋಗಿಗಳ ಆಹಾರವನ್ನು ಕುರಿತು ಅವರು 1904ರಲ್ಲಿ ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದರು. ನಿಖರತೆಯ ಹಿಂದಿದ್ದ ಕಾಳಜಿ ಎಂತಹದೆಂಬುದನ್ನು ಇದರಿಂದ ಊಹಿಸಬಹುದು.

ನಮ್ಮ ಅಜ್ಜಿಯರ ಚಿಟಿಕೆ, ಹಿಡಿ, ಬೊಗಸೆಗಳೂ ಅಳತೆಗಳೇ. ಆದರೆ ಅವು ಆಯಾ ಕೈಗೆ ಮಾತ್ರ ಸೇರಿದವು. ಆ ಕೈ ಮರೆಯಾದೊಡನೆ ಸಾರಿನ ರುಚಿಯೂ ಮರೆಯಾಗುತ್ತದೆ. ಹಿರಿಯರು ನಮ್ಮೊಡನಿರುವಾಗಲೇ ಅವರ ಚಿಟಿಕೆಯನ್ನು ಚಮಚದಲ್ಲಿ ಅಳೆದು ಬರೆದಿಡೋಣ. ಮುಂದಿನವರಿಗೆ ಅದೂ ಒಂದು ಆಸ್ತಿಯೇ ಸರಿ.