ಬೂದು ಮೈ, ಬಣ್ಣದ ಉಡುಪು: ಏಮಿ ಶೆರಾಲ್ಡ್ ಬರೆದ ಹೆಣ್ಣುಗಳು

ಅಮೆರಿಕದ ಕಲಾವಿದೆ ಏಮಿ ಶೆರಾಲ್ಡ್ (ಜನನ 1973) ಕಪ್ಪುವರ್ಣೀಯರ ಭಾವಚಿತ್ರಗಳಲ್ಲಿ ಮೈಯನ್ನು ಬೂದುಬಣ್ಣದಲ್ಲೇ ಬರೆಯುತ್ತಾರೆ. ಕಪ್ಪಿಗೆ ನೇಪಲ್ಸ್ ಹಳದಿ ಬೆರೆಸಿದ ಬೂದು ಅದು, ಆದ್ದರಿಂದ ಬೂದಿಯಂತೆ ತಣ್ಣಗಿಲ್ಲ. ಯುರೋಪಿನ ಹಳೆಯ ಚಿತ್ರಕಾರರು ಎಷ್ಟೋ ಸಲ ಬಣ್ಣದಡಿ ಮುಚ್ಚಿಬಿಡುತ್ತಿದ್ದ ಗ್ರಿಸೈ ಪದರವನ್ನು, ಅಂದರೆ ಬೂದು ಛಾಯೆಗಳಲ್ಲೇ ಬರೆದ ಪದರವನ್ನು, ಇವರು ಹಾಗೆಯೇ ಉಳಿಸುತ್ತಾರೆ. ಇದರಿಂದ ಜನಾಂಗ ಹಿಂದೆ ಸರಿದು ವ್ಯಕ್ತಿ ಮುಂದೆ ಬರುತ್ತಾಳೆ ಎಂಬ ವಿವರಣೆ ಬಳಕೆಯಲ್ಲಿದೆ. ನನಗದು ಅರ್ಧ ಮಾತ್ರ ಒಪ್ಪಿಗೆ. ತುಟಿ, ಮೂಗು, ಗುಂಗುರುಗೂದಲು ಯಾವುದನ್ನೂ ಶೆರಾಲ್ಡ್ ಮರೆಸಿಲ್ಲವಲ್ಲ! ಬೂದು ಮಾಡುವ ಕೆಲಸವೇ ಬೇರೆ: ಅದು ನೋಟವನ್ನು ಹೆಣ್ಣಿನ ಮೈಯಿಂದ ಅವಳ ಉಡುಪಿಗೆ, ನಿಲುವಿಗೆ ದಾಟಿಸುತ್ತದೆ.

2016ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸ್ಪರ್ಧೆ ಗೆದ್ದ ‘ಮಿಸ್ ಎವೆರಿಥಿಂಗ್’ ನೋಡಿ. ಚುಕ್ಕೆಗಳ ಕಡುನೀಲಿ ಉಡುಪು, ಕೆಂಪು ಟೋಪಿ, ಬಿಳಿ ಕೈಗವಸು, ಅಳತೆ ಮೀರಿದ ಚಹಾ ಬಟ್ಟಲು. ಈ ವೇಷ ಕಲಾವಿದೆ ಹೂಡಿದ್ದು. ಅಷ್ಟರಮಟ್ಟಿಗೆ ಇದನ್ನು ವಾಸ್ತವವಾದಿ ಎನ್ನಲು ಹಿಂಜರಿಕೆಯಾಗುತ್ತದೆ. ಮುಖ ಮಾತ್ರ ಯಾರನ್ನೂ ಮೆಚ್ಚಿಸಲು ಹೊರಟಿಲ್ಲ. 2018ರಲ್ಲಿ ಅನಾವರಣಗೊಂಡ ಮಿಶೆಲ್ ಒಬಾಮಾ ಚಿತ್ರಕ್ಕೆ ಹೋಲಿಕೆ ಸಾಲದೆಂಬ ಆಕ್ಷೇಪ ಬಂತು. ಅಲ್ಲೂ ಚೌಕಟ್ಟಿನ ಬಹುಭಾಗವನ್ನು ಆಳುವುದು ನಿಲುವಂಗಿಯೇ.

ಈ ವಿಧಾನ ನಿಜವಾಗಿ ಒರೆಗೆ ಹತ್ತಿದ್ದು ಬ್ರಿಯೋನಾ ಟೇಲರ್ ಚಿತ್ರದಲ್ಲಿ. 2020ರ ಮಾರ್ಚ್ 13ರಂದು ಲೂಯಿವಿಲ್‌ನ ತನ್ನ ಮನೆಯಲ್ಲೇ ಪೊಲೀಸರ ಗುಂಡಿಗೆ ಸತ್ತ 26ರ ಯುವತಿ ಆಕೆ. ಆ ವರ್ಷ ‘ವ್ಯಾನಿಟಿ ಫೇರ್’ ಪತ್ರಿಕೆಯ ಸೆಪ್ಟೆಂಬರ್ ಮುಖಪುಟಕ್ಕಾಗಿ ಶೆರಾಲ್ಡ್ ಅವಳನ್ನು ಬರೆದರು. ಎದುರು ಕೂರಲು ಟೇಲರ್ ಇಲ್ಲ. ಅದೇ ಮೈಕಟ್ಟಿನ ಇನ್ನೊಬ್ಬ ಹುಡುಗಿಯನ್ನು ಹುಡುಕಿದರು, ಟೇಲರ್ ಹೇಗೆ ತಲೆ ಬಾಚುತ್ತಿದ್ದಳು, ಏನು ತೊಡುತ್ತಿದ್ದಳು ಎಂದು ಗಮನಿಸಿದರು. ವಿನ್ಯಾಸಕಿ ಜಾಸ್ಮಿನ್ ಎಲ್ಡರ್ ಉಡುಪು ಸಿದ್ಧಪಡಿಸಿದರು. ಹಸಿರು ನೀಲಿಯ ಆ ಉಡುಪು ಹಿನ್ನೆಲೆಯ ಬಣ್ಣದಲ್ಲೇ ಕರಗುವಂತಿದೆ. ಸೊಂಟದ ಮೇಲೆ ಕೈಯಿಟ್ಟು ನಿಂತವಳ ಬೂದು ಮುಖ ಅದರಿಂದಲೇ ಎದ್ದು ಬರುತ್ತದೆ. ಬೆರಳಿಗೊಂದು ಉಂಗುರವಿದೆ. ಮದುವೆ ಪ್ರಸ್ತಾಪಕ್ಕೆಂದು ಪ್ರಿಯಕರ ತಂದು, ಕೊಡಲಾಗದೆ ಉಳಿದದ್ದು ಅದು. ಅವನ ಒಪ್ಪಿಗೆ ಪಡೆದು ಶೆರಾಲ್ಡ್ ತೊಡಿಸಿದರು. ಟೇಲರ್ ಎಂದೂ ಧರಿಸದ ಒಡವೆಯನ್ನು ಚಿತ್ರ ಧರಿಸಿದೆ, ಮತ್ತದು ಸುಳ್ಳೆನಿಸುವುದಿಲ್ಲ. ‘ಮಿಸ್ ಎವೆರಿಥಿಂಗ್’ನ ಬಟ್ಟಲು ಕಲಾವಿದೆಯ ಆಟ, ಈ ಉಂಗುರಕ್ಕೆ ಚಿತ್ರದ ಹೊರಗೊಂದು ಬದುಕಿತ್ತು. ಶೆರಾಲ್ಡ್ ಅವರ ವಾಸ್ತವವಾದವನ್ನು ಚರ್ಮದ ಬಣ್ಣದಲ್ಲಿ ಹುಡುಕುವವರು ಈ ವ್ಯತ್ಯಾಸದಿಂದ ಶುರುಮಾಡುವುದು ಲೇಸು.