ಮಳಖೇಡದ ಗಾದಿ: ಉತ್ತರಾಧಿಕಾರದ ಕಥೆ ಬಿಚ್ಚಿಕೊಂಡ ಬಗೆ

ಶಕ 797ರಲ್ಲಿ, ಅಂದರೆ ಕ್ರಿ.ಶ. 875ರಲ್ಲಿ, ರಾಷ್ಟ್ರಕೂಟ ಕೃಷ್ಣ ಆಳುತ್ತಿದ್ದಾನೆ ಎನ್ನುತ್ತದೆ ಸವದತ್ತಿಯ ಶಾಸನ. ಮುಂಬೈ ಬಳಿಯ ಕನ್ಹೇರಿ ಗುಹೆಯ ಶಾಸನಕ್ಕೆ ಶಕ 799ರಲ್ಲೂ ಅವನ ತಂದೆ ಅಮೋಘವರ್ಷನೇ ಅರಸ. ರಾಜಧಾನಿಯೇನೋ ಒಂದೇ: ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಮಳಖೇಡ, ಅಂದಿನ ಮಾನ್ಯಖೇಟ. ಚಿಂಚೋಳಿ, ಚಿತ್ತಾಪುರದವರಿಗೆ ನೆರೆಯ ಊರು. ಅಲ್ಲಿ ಏಕಕಾಲಕ್ಕೆ ಇಬ್ಬರು ಅರಸರಿದ್ದರೇ?

ಇಂಗ್ಲೆಂಡಿನಲ್ಲಿ 1689ರಲ್ಲಿ ವಿಲಿಯಂ ಮತ್ತು ಮೇರಿ ದಂಪತಿ ಜಂಟಿಯಾಗಿ ಪಟ್ಟಕ್ಕೆ ಬಂದಾಗ, ಅಧಿಕಾರ ನಡೆಸುವವರು ಯಾರು, ಇಬ್ಬರ ನಂತರ ಯಾರು ಎಂಬುದನ್ನು ಪಾರ್ಲಿಮೆಂಟು ಬರೆದಿಟ್ಟಿತು. ಮಳಖೇಡಕ್ಕೆ ಅಂಥ ಕಾಗದವಿಲ್ಲ. ನಮ್ಮ ಕೈಗೆ ಸಿಕ್ಕಿರುವುದರಲ್ಲಿ ಹೆಚ್ಚಿನವು ಗೆದ್ದವರು ಕೊರೆಸಿದ ದಾನಪತ್ರಗಳು.

ಅವುಗಳಿಂದ ಮೊದಲು ವಂಶಾವಳಿ ಕಟ್ಟಿದವರು ಜೆ.ಎಫ್. ಫ್ಲೀಟ್ (1882) ಮತ್ತು ಆರ್.ಜಿ. ಭಂಡಾರಕರ್ (1884). ಕಾಲಗಣನೆಗೆ ಅವರು ಹಾಕಿದ ತಳಪಾಯದ ಮೇಲೆಯೇ ಇಂದಿಗೂ ಕೆಲಸ ನಡೆದಿದೆ. ಆದರೆ ಮುಂದೆ ಹೊಸ ತಾಮ್ರಪಟಗಳು ಸಿಕ್ಕಂತೆಲ್ಲ ಅಪ್ಪನಿಂದ ಮಗನಿಗೆ ಇಳಿಯುವ ನೇರ ಗೆರೆ ಸಾಲದಾಯಿತು. ಎ.ಎಸ್. ಅಳತೇಕರರು 1934ರ ತಮ್ಮ ಗ್ರಂಥದಲ್ಲಿ ಈ ಪಟಗಳನ್ನು ಎದುರುಬದುರು ಇಟ್ಟು ಓದಿದರು.

ಇಮ್ಮಡಿ ಗೋವಿಂದನ ಪ್ರಕರಣ ನೋಡಿ. ಅವನ ತಮ್ಮ ಧ್ರುವ 775ರಲ್ಲೇ ಪಿಂಪ್ರಿ ಪಟದಲ್ಲಿ ತಾನೇ ದಾನ ಕೊಡುತ್ತಾನೆ. 779ರ ಧುಳೆ ಪಟ ಮಾತ್ರ ಇನ್ನೂ ಗೋವಿಂದನನ್ನೇ ಅರಸನೆನ್ನುತ್ತದೆ. ಅಣ್ಣ ಭೋಗದಲ್ಲಿ ಮುಳುಗಿ ರಾಜ್ಯಭಾರವನ್ನು ತಮ್ಮನಿಗೆ ಬಿಟ್ಟ ಎಂಬ ವಿವರಣೆ ಬರುವುದು 940ರ ದೇವಳಿ ಪಟದಲ್ಲಿ. ಅದನ್ನು ಬರೆಸಿದವನು ಧ್ರುವನ ವಂಶಜ ಮುಮ್ಮಡಿ ಕೃಷ್ಣ. ಅಷ್ಟರಲ್ಲಿ ನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದವು. ಸೋತ ಗೋವಿಂದನ ಮಾತು ನಮಗೆ ಸಿಗುವುದೇ ಇಲ್ಲ.

ನಾಲ್ವಡಿ ಗೋವಿಂದನ 930ರ ಖಂಭಾತ್ ಪಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೈಯಲ್ಲಿ ಬಲವಿದ್ದರೂ ಈತ ಅಣ್ಣನ ಮೇಲೆ ಕ್ರೌರ್ಯ ತೋರಲಿಲ್ಲ ಎಂದು ಅದರಲ್ಲಿ ಹೊಗಳಿಕೆಯಿದೆ. ಊರಲ್ಲಿ ಮಾತೆದ್ದಿರದಿದ್ದರೆ ದಾನಪತ್ರದಲ್ಲಿ ಈ ಸಮಜಾಯಿಷಿ ಯಾಕೆ ಬೇಕಿತ್ತು? ಅಣ್ಣ ಇಮ್ಮಡಿ ಅಮೋಘವರ್ಷ ಆಳಿದ್ದು ಸುಮಾರು ಒಂದು ವರ್ಷ ಮಾತ್ರ.

ಈ ಗೋವಿಂದನ ಪತನಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿದ್ದು ಕನ್ನಡ ಕಾವ್ಯದಲ್ಲಿ. ಬಿ.ಎಲ್. ರೈಸ್ 1898ರಲ್ಲಿ ಅಚ್ಚು ಹಾಕಿಸಿದ ಪಂಪಭಾರತ, ವೇಮುಲವಾಡದ ಅರಿಕೇಸರಿ ಗೊಜ್ಜಿಗನನ್ನು ಸೋಲಿಸಿ, ಮುಮ್ಮಡಿ ಕೃಷ್ಣನ ತಂದೆ ಬದ್ದೆಗನಿಗೆ ಸಾಮ್ರಾಜ್ಯ ಕೊಡಿಸಿದ್ದನ್ನು ಹೇಳುತ್ತದೆ. ಗೊಜ್ಜಿಗನೆಂದರೆ ಇದೇ ಗೋವಿಂದ. ಸಾಮಂತನೊಬ್ಬ ಚಕ್ರವರ್ತಿಯನ್ನು ಬದಲಿಸಿದ ಸುದ್ದಿಗೆ ಸಾಮಂತನ ಆಸ್ಥಾನಕವಿಯೇ ಸಾಕ್ಷಿ. ಉತ್ತರಾಧಿಕಾರವನ್ನು ಸಂಸ್ಕೃತದ ತಾಮ್ರಪಟಗಳಿಂದಷ್ಟೇ ಅಳೆಯಬಾರದು ಎಂದು ನಾನು ಗಟ್ಟಿಯಾಗಿ ನಂಬುವುದು ಇದಕ್ಕೇ.

ಮೊದಲಲ್ಲಿ ಕಂಡ, ಕೃಷ್ಣನ ತಂದೆ ಅಮೋಘವರ್ಷನ ಒಗಟಿಗೂ ಹೀಗೆ ಎರಡು ಕಡೆಯಿಂದ ಬೆಳಕು ಬಿತ್ತು. ಅವನು ಒಂದಕ್ಕಿಂತ ಹೆಚ್ಚು ಸಲ ರಾಜ್ಯ ಬಿಟ್ಟುಕೊಟ್ಟ ಎನ್ನುತ್ತದೆ 871ರ ಸಂಜಾಣ ಪಟ. ವಿವೇಕದಿಂದ ರಾಜ್ಯ ತೊರೆದವನೆಂದು 'ಪ್ರಶ್ನೋತ್ತರ ರತ್ನಮಾಲಿಕೆ' ಅವನನ್ನು ಕರೆಯುತ್ತದೆ. ಮುಪ್ಪಿನಲ್ಲಿ ಮಗನಿಗೆ ಕಾರ್ಯಭಾರ ವಹಿಸಿ, ಅರಸನ ಹೆಸರು ಉಳಿಸಿಕೊಂಡಿದ್ದನೆಂದು ತಿಳಿದರೆ ಸವದತ್ತಿ, ಕನ್ಹೇರಿ ಎರಡೂ ನಿಜವಾಗುತ್ತವೆ. ನನಗೆ ಒಪ್ಪಿಗೆಯಾಗುವ ಉತ್ತರ ಇದೇ.

1990ರಲ್ಲಿ ರೊನಾಲ್ಡ್ ಇಂಡನ್ ಪ್ರಶ್ನೆಯನ್ನೇ ತಿರುಗಿಸಿದರು: ರಾಷ್ಟ್ರಕೂಟರ ಪ್ರಭುತ್ವ ಒಬ್ಬನ ಮುಷ್ಟಿಯಲ್ಲಿರದೆ ಚಕ್ರವರ್ತಿ, ಸಾಮಂತರ ಶ್ರೇಣಿಯಲ್ಲಿ ಹಂಚಿಹೋಗಿತ್ತು ಎಂಬುದು ಅವರ ನೋಟ. 973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟ ಅರಸ ಇಮ್ಮಡಿ ಕರ್ಕನನ್ನು ಕೆಡವಿದ ಮೇಲೂ ಈ ಶ್ರೇಣಿ ಸುಮ್ಮನೆ ಕೂರಲಿಲ್ಲ. ಗಂಗ ಮಾರಸಿಂಹ ತನ್ನ ಸೋದರಳಿಯ, ಮುಮ್ಮಡಿ ಕೃಷ್ಣನ ಮೊಮ್ಮಗ ಇಂದ್ರನಿಗೆ ಪಟ್ಟ ಕಟ್ಟಿದ. ಆ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡ. ಅವನ ವಿಷಯ ನಮಗೆ ತಿಳಿದದ್ದು ಹೆಚ್ಚಾಗಿ ಗಂಗರ ನಾಡಿನ ಶಿಲಾಶಾಸನಗಳಿಂದ.